ಕಡಿಮೆ ಗಾಳಿಯ ಜಾಣ್ಮೆ

ಗಾಳಿ ತುಂಬಿ ಬಳಸುವ ವಸ್ತು ಯಾವುದೇ ಇರಲಿ, ಅದು ಬಿಗಿಯಾಗಿರಬೇಕು ಎಂಬುದು ನಮ್ಮ ಲೆಕ್ಕ. ಸೈಕಲ್ ಟ್ಯೂಬಾಗಲಿ, ಫುಟ್‌ಬಾಲ್ ಆಗಲಿ, ಹೆಬ್ಬೆರಳಿನಿಂದ ಒತ್ತಿ ನೋಡಿ ‘ಇನ್ನೂ ಸ್ವಲ್ಪ ಹೊಡಿಯಪ್ಪ’ ಎನ್ನುತ್ತೇವೆ. ಈ ರೂಢಿಗೆ ತದ್ವಿರುದ್ಧವಾಗಿ ನಡೆದುಕೊಳ್ಳುವ ಸಾಧನವೊಂದು ಕಡಲಿನಲ್ಲಿದೆ. ಅದೇ ಸರ್ಫ್ ಮ್ಯಾಟ್.

ನಾಲ್ಕು ಅಡಿಗಿಂತ ತುಸು ಉದ್ದ, ಎರಡು ಅಡಿಗಿಂತ ತುಸು ಕಡಿಮೆ ಅಗಲದ ನೈಲಾನ್ ಚೀಲವಿದು. ಬಾಯಿಂದಲೇ ಊದಿ ಗಾಳಿ ತುಂಬಬಹುದು. ತೂಕ ಒಂದು ಕಿಲೋ ಆಸುಪಾಸು. ಗಾಳಿ ತೆಗೆದು ಸುರುಳಿ ಸುತ್ತಿದರೆ ಹೆಗಲ ಚೀಲದ ಒಂದು ಮೂಲೆ ಸಾಕು. ಇದರ ಮೇಲೆ ಬೋರಲು ಮಲಗಿ, ಪಾದಗಳಿಗೆ ರಬ್ಬರಿನ ಫಿನ್ ತೊಟ್ಟು, ತೆರೆಯ ಇಳಿಜಾರಿನಲ್ಲಿ ಜಾರಿಕೊಂಡು ಹೋಗುವುದೇ ಮ್ಯಾಟ್ ಸರ್ಫಿಂಗ್. ನಿಲ್ಲುವ ಗೋಜಿಲ್ಲ, ಎಂಟು ಅಡಿಯ ಹಲಗೆಯನ್ನು ಕಾರಿನ ಮೇಲೆ ಕಟ್ಟಿಕೊಂಡು ತಿರುಗುವ ಪಾಡೂ ಇಲ್ಲ. ಆದರೆ ಗಟ್ಟಿಯಾಗಿ ಊದಿದರೆ ಅದು ಮಕ್ಕಳ ಆಟಿಕೆಯಷ್ಟೇ: ಪುಟಿಯುತ್ತದೆ, ಅಡ್ಡಡ್ಡ ಜಾರುತ್ತದೆ, ಹೇಳಿದ ಮಾತು ಕೇಳುವುದಿಲ್ಲ. ಅರೆಬರೆ ಊದಿದಾಗ ಅದರ ನಡೆಯೇ ಬೇರೆ. ಪಳಗಿದ ಸವಾರ ಇದರ ಮೇಲೆ ಗಟ್ಟಿ ಹಲಗೆಯವರ ಜೊತೆಗೇ, ಕೆಲವು ಸಲ ಅವರನ್ನೂ ಹಿಂದಿಕ್ಕಿ ಸಾಗುತ್ತಾನೆ. ಇದು ಹೇಗೆ ಸಾಧ್ಯ?

ತೊಗಲಿನಿಂದ ರಬ್ಬರಿಗೆ

ಊದಿದ ಚೀಲದ ಮೇಲೆ ಮಲಗಿ ನೀರು ದಾಟುವುದು ಬಹಳ ಹಳೆಯ ವಿದ್ಯೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಅಸ್ಸೀರಿಯಾದ ನಿಮ್ರೂದ್ ಅರಮನೆಯ ಉಬ್ಬುಶಿಲ್ಪಗಳಿವೆ. ಕ್ರಿಸ್ತಪೂರ್ವ ಒಂಬತ್ತನೇ ಶತಮಾನದ ಆ ಕಲ್ಲುಗಳಲ್ಲಿ ಸೈನಿಕರು ಗಾಳಿ ತುಂಬಿದ ಪ್ರಾಣಿಯ ತೊಗಲನ್ನು ಎದೆಗೆ ಅವಚಿಕೊಂಡು ನದಿ ದಾಟುತ್ತಿದ್ದಾರೆ. ನಮ್ಮ ಹಳ್ಳಿಗಳ ಬಾವಿ, ಕೆರೆಗಳಲ್ಲಿ ಲಾರಿ ಟ್ಯೂಬ್ ಸೊಂಟಕ್ಕೆ ಸಿಕ್ಕಿಸಿಕೊಂಡು ಈಜು ಕಲಿತವರದೂ ಅದೇ ಪರಂಪರೆ. ಆದರೆ ಇವೆಲ್ಲ ತೇಲುವುದಕ್ಕೆ. ತೆರೆಯ ಮೇಲೆ ಓಡುವುದಕ್ಕೆಂದೇ ಗಾಳಿಚೀಲ ಹುಟ್ಟಿದ್ದು ಕಳೆದ ಶತಮಾನದಲ್ಲಿ, ಆಸ್ಟ್ರೇಲಿಯಾದಲ್ಲಿ.

ಹವಾಯಿಯ ಈಜುಗಾರ ಡ್ಯೂಕ್ ಕಹನಮೋಕು 1914-15ರ ಬೇಸಿಗೆಯಲ್ಲಿ ಸಿಡ್ನಿಯ ಫ್ರೆಶ್‌ವಾಟರ್ ಕಡಲತೀರದಲ್ಲಿ ಮರದ ಹಲಗೆಯ ಮೇಲೆ ನಿಂತು ತೆರೆ ಸವಾರಿ ಮಾಡಿ ತೋರಿಸಿದ್ದು ಆಸ್ಟ್ರೇಲಿಯನ್ನರಿಗೆ ಹುಚ್ಚು ಹಿಡಿಸಿತ್ತು. ಆದರೆ ಆಗಿನ ಮರದ ಹಲಗೆ ಹೊರಲಾರದ ಭಾರ. ಜನದಟ್ಟಣೆಯ ತೀರದಲ್ಲಿ ಯಾರದಾದರೂ ತಲೆಗೆ ಬಡಿದರೆ ಮುಗಿಯಿತು. ಸಾಮಾನ್ಯ ಜನರೂ ಹೆಂಗಸರು ಮಕ್ಕಳೂ ತೆರೆಯ ಸುಖ ಉಣ್ಣುವಂಥದ್ದು ಬೇಕಿತ್ತು. 1930ರ ದಶಕದ ಆರಂಭದಲ್ಲಿ ಸಿಡ್ನಿಯ ವೈದ್ಯ ಅರ್ನೆಸ್ಟ್ ಸ್ಮಿದರ್ಸ್ ರಬ್ಬರಿನ ಊದುಚೀಲವೊಂದನ್ನು ರೂಪಿಸಿದರು. ಉದ್ದಕ್ಕೆ ಸಾಲು ಕೊಳವೆಗಳಿದ್ದ ಅದಕ್ಕೆ ಸರ್ಫೋಪ್ಲೇನ್ ಎಂದು ಹೆಸರಾಯಿತು. ಬಾಂಡೈ ಮೊದಲಾದ ತೀರಗಳಲ್ಲಿ ಅದನ್ನು ಬಾಡಿಗೆಗೆ ಕೊಡುವ ವ್ಯಾಪಾರವೇ ಬೆಳೆಯಿತು. ಆಸ್ಟ್ರೇಲಿಯಾದ ಹಲವು ತಲೆಮಾರುಗಳು ಮೊದಲ ತೆರೆ ಹಿಡಿದದ್ದು ಇದರ ಮೇಲೆಯೇ. ಅತ್ತ ಅಮೆರಿಕದ ತೀರಗಳಲ್ಲಿ ರಬ್ಬರ್ ಲೇಪಿಸಿದ ಕ್ಯಾನ್ವಾಸ್ ಮ್ಯಾಟುಗಳು ಇದೇ ಕೆಲಸ ಮಾಡುತ್ತಿದ್ದವು. ಒದ್ದೆ ಕ್ಯಾನ್ವಾಸಿಗೆ ಉಜ್ಜಿ ಉಜ್ಜಿ ಎದೆ, ಹೊಟ್ಟೆಯ ಚರ್ಮ ಕೆಂಪಾಗುವುದು ಆಗಿನ ಹುಡುಗರ ಬೇಸಿಗೆ ರಜೆಯ ಗುರುತಾಗಿತ್ತು.

ಈ ಸುಗ್ಗಿಗೆ ತೆರೆ ಎಳೆದವರು ಟಾಮ್ ಮೋರಿ. ಗಣಿತ ಓದಿ, ವಿಮಾನ ತಯಾರಿಸುವ ಡಗ್ಲಸ್ ಕಂಪನಿಯಲ್ಲಿ ದುಡಿದು ಬಂದಿದ್ದ ಈ ಮನುಷ್ಯ 1971ರ ಜುಲೈನಲ್ಲಿ ಹವಾಯಿಯ ತಮ್ಮ ಮನೆಯಲ್ಲಿದ್ದ ಫೋಮ್ ತುಂಡನ್ನು ವಿದ್ಯುತ್ ಚಾಕುವಿನಿಂದ ಕತ್ತರಿಸಿದರು. ಮೇಲೆ ದಿನಪತ್ರಿಕೆ ಹಾಸಿ ಇಸ್ತ್ರಿ ಪೆಟ್ಟಿಗೆಯಿಂದ ಅದಕ್ಕೆ ರೂಪ ಕೊಟ್ಟರು. ಅದೇ ಬೂಗಿ ಬೋರ್ಡ್. ಇಂದು ಬಾಡಿಬೋರ್ಡ್ ಎನ್ನುತ್ತಾರೆ. ಊದಬೇಕಿಲ್ಲ, ಪಂಕ್ಚರ್ ಆಗುವುದಿಲ್ಲ, ವಾಲ್ವ್ ಸೋರುವ ಮಾತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಲಿಯುವುದು ಬಲು ಸುಲಭ. ಕೆಲವೇ ವರ್ಷಗಳಲ್ಲಿ ಮ್ಯಾಟು ಬಾಡಿಗೆ ಅಂಗಡಿಗಳಿಂದ ಮಾಯವಾಯಿತು. ವ್ಯಾಪಾರದ ದೃಷ್ಟಿಯಲ್ಲಿ ಅದರ ಕತೆ ಅಲ್ಲಿಗೆ ಮುಗಿಯಿತು.

ಬಿಡದೆ ಹಿಡಿದವರು

ಮುಗಿಯಲು ಬಿಡದವರಲ್ಲಿ ಮೊದಲ ಹೆಸರು ಜಾರ್ಜ್ ಗ್ರೀನೊ. 1941ರಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಸುತ್ತ ಬೆಳೆದ ಈ ಮನುಷ್ಯ ಸಿರಿವಂತ ಮನೆತನದವರು. ಆದರೂ ಬರಿಗಾಲಿನಲ್ಲೇ ತಿರುಗುತ್ತ, ಬೇಕಾದ್ದನ್ನೆಲ್ಲ ತಾವೇ ತಯಾರಿಸಿಕೊಳ್ಳುತ್ತ ಬದುಕಿದವರೆಂದು ಪ್ರಸಿದ್ಧರು. ಸರ್ಫಿಂಗ್ ಲೋಕ ಅವರನ್ನು ನೆನೆಯುವುದು ಮೊದಲಿಗೆ ಫಿನ್‌ಗಾಗಿ. ಹಲಗೆಯ ಅಡಿಯಲ್ಲಿ ದಿಕ್ಕು ಹಿಡಿಯುವ ರೆಕ್ಕೆ ಆಗ ಗಟ್ಟಿಯಾಗಿ, ಅಗಲವಾಗಿ ಇರುತ್ತಿತ್ತು. ಟ್ಯೂನಾ ಮೀನಿನ ಬಾಲವನ್ನು ಗಮನಿಸಿದ ಗ್ರೀನೊ ಬಳುಕುವ, ತೆಳ್ಳನೆಯ, ಹಿಂದಕ್ಕೆ ಬಾಗಿದ ಫಿನ್ ಮಾಡಿದರು. ಅದೇ ಬಗೆಯ ಫಿನ್ ಇದ್ದ ಹಲಗೆಯ ಮೇಲೆ ಆಸ್ಟ್ರೇಲಿಯಾದ ನ್ಯಾಟ್ ಯಂಗ್ 1966ರಲ್ಲಿ ಸ್ಯಾನ್ ಡಿಯಾಗೊದಲ್ಲಿ ವಿಶ್ವ ಚಾಂಪಿಯನ್ ಆದರು. ಉದ್ದ ಹಲಗೆಯ ಕಾಲ ಹೋಗಿ ಗಿಡ್ಡ ಹಲಗೆಯ ಕಾಲ ಬರಲು ಅದೂ ಒಂದು ಕಾರಣ.

ಗ್ರೀನೊ ಮಾತ್ರ ಸ್ವತಃ ಹಲಗೆಯ ಮೇಲೆ ನಿಂತು ಸವಾರಿ ಮಾಡಿದ್ದು ಅಪರೂಪ. ಮೊಣಕಾಲೂರಿ ಓಡಿಸುವ, ಬಳುಕುವ ಪುಟ್ಟ ಹಲಗೆ ಅವರ ಒಂದು ವಾಹನ. ಗಾಳಿ ಮ್ಯಾಟು ಇನ್ನೊಂದು. ಬೆನ್ನಿಗೆ ಭಾರದ ಕ್ಯಾಮೆರಾ ಕಟ್ಟಿಕೊಂಡು ಸುರುಳಿ ತೆರೆಯ ಹೊಟ್ಟೆಯೊಳಗೆ ನುಗ್ಗಿ ಅವರು ತೆಗೆದ ದೃಶ್ಯಗಳನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. 1973ರ ‘ಕ್ರಿಸ್ಟಲ್ ವಾಯೇಜರ್’ ಚಿತ್ರದ ಕೊನೆಯಲ್ಲಿ ಪಿಂಕ್ ಫ್ಲಾಯ್ಡ್ ತಂಡದ ‘ಎಕೋಸ್’ ಸಂಗೀತದೊಂದಿಗೆ ಬರುವ ದೀರ್ಘ ಭಾಗ ಅವರ ಕ್ಯಾಮೆರಾದ ಕೈಚಳಕ. ಮುಂದೆ ಆಸ್ಟ್ರೇಲಿಯಾದ ಬೈರನ್ ಬೇ ಬಳಿ ನೆಲೆಸಿದ ಅವರು ವಯಸ್ಸಾದ ಮೇಲೂ ಮ್ಯಾಟನ್ನು ಬಿಡಲಿಲ್ಲ. ಹಲಗೆಯ ವಿನ್ಯಾಸವನ್ನೇ ಬದಲಿಸಿದ ಆಸಾಮಿ ತನಗಾಗಿ ಆರಿಸಿಕೊಂಡದ್ದು ಗಾಳಿಚೀಲವನ್ನು. ಈ ಒಂದು ಸಂಗತಿಯೇ ಅನೇಕರು ಮ್ಯಾಟಿನತ್ತ ಎರಡನೇ ಸಲ ನೋಡುವಂತೆ ಮಾಡಿತು.

1980ರ ದಶಕದ ಹೊತ್ತಿಗೆ ಕ್ಯಾನ್ವಾಸ್ ಹೋಗಿ ನೈಲಾನ್ ಬಂತು. ಪಾಲ್ ಗ್ರಾಸ್ ಅವರ ಫೋರ್ತ್ ಗಿಯರ್ ಫ್ಲೈಯರ್, ಡೇಲ್ ಸೊಲೊಮನ್‌ಸನ್ ಅವರ ನ್ಯೂಮ್ಯಾಟಿಕ್ ಎಂಬ ಮ್ಯಾಟುಗಳು ಈ ಸಣ್ಣ ವಲಯದಲ್ಲಿ ಮನೆಮಾತು. ಇವು ಕಾರ್ಖಾನೆಯ ಸಾಲಿನಲ್ಲಿ ಲಕ್ಷಗಟ್ಟಲೆ ಬೀಳುವ ಸರಕಲ್ಲ. ಕೈಯಿಂದ ಕತ್ತರಿಸಿ ಬೆಸೆದಂಥವು.

ಒತ್ತಡದ ಲೆಕ್ಕ

ಈಗ ಮೂಲ ಪ್ರಶ್ನೆಗೆ ಬರೋಣ. ಗಾಳಿ ಕಡಿಮೆ ಇದ್ದರೆ ಏನು ಲಾಭ?

1.25 ಮೀಟರ್ ಉದ್ದ, 55 ಸೆಂಟಿಮೀಟರ್ ಅಗಲದ ಮ್ಯಾಟನ್ನು ತೆಗೆದುಕೊಳ್ಳಿ. 70 ಕಿಲೋ ತೂಕದ ಸವಾರನ ಭಾರ ಅದರ ಅರ್ಧದಷ್ಟು ವಿಸ್ತೀರ್ಣದ ಮೇಲೆ ಬೀಳುತ್ತದೆ ಎಂದಿಟ್ಟುಕೊಂಡರೂ, ಅವನನ್ನು ಎತ್ತಿಹಿಡಿಯಲು ಒಳಗಿನ ಗಾಳಿಗೆ ಬೇಕಾದ ಹೆಚ್ಚುವರಿ ಒತ್ತಡ ಸುಮಾರು 0.3 ಪಿಎಸ್‌ಐ. ಕಾರಿನ ಚಕ್ರದಲ್ಲಿ ಇರುವುದು 30ರ ಆಸುಪಾಸು. ಅಂದರೆ ಅದರ ನೂರರಲ್ಲಿ ಒಂದು ಪಾಲು. ಮಾರುಕಟ್ಟೆಯಲ್ಲಿ ಈಗ ಸಿಗುವ, ನಿಂತು ಹುಟ್ಟು ಹಾಕುವ ಊದುಹಲಗೆಗಳದ್ದು ಬೇರೆ ಜಾತಿ. ಅವುಗಳ ಮೇಲ್ಪದರ, ಕೆಳಪದರಗಳನ್ನು ಸಾವಿರಾರು ಎಳೆಗಳಿಂದ ಒಂದಕ್ಕೊಂದು ಬಿಗಿದಿರುತ್ತಾರೆ. 12ರಿಂದ 15 ಪಿಎಸ್‌ಐವರೆಗೆ ಪಂಪು ಹೊಡೆದರೆ ಮರದ ಹಲಗೆಯಂತೆ ಸೆಟೆದು ನಿಲ್ಲುತ್ತವೆ. ಗಾಳಿಯಿಂದ ಗಟ್ಟಿತನ ಪಡೆಯುವುದು ಅವುಗಳ ಗುರಿ. ಮ್ಯಾಟು ಗಾಳಿಯಿಂದ ಬಯಸುವುದು ಮೆತ್ತನೆಯ ಗುಣವನ್ನು.

ಕಡಲಿನ ಮೈ ನಾವು ಚಿತ್ರದಲ್ಲಿ ಬರೆಯುವಷ್ಟು ನಯವಾಗಿರುವುದಿಲ್ಲ. ತೆರೆಯ ಇಳಿಜಾರಿನ ಮೇಲೆ ಗಾಳಿ ಎಬ್ಬಿಸಿದ ಸಣ್ಣ ಸಣ್ಣ ಮಡಿಕೆಗಳಿರುತ್ತವೆ. ಗಟ್ಟಿ ಹಲಗೆ ಪ್ರತಿ ಮಡಿಕೆಗೂ ಬಡಿಯುತ್ತದೆ. ಬಡಿದ ಪ್ರತಿ ಸಲವೂ ಒಂದಿಷ್ಟು ವೇಗ ಸೋರಿಹೋಗುತ್ತದೆ, ಸವಾರನ ಮೈಯೂ ಅದುರುತ್ತದೆ. ಅರೆ ಊದಿದ ಮ್ಯಾಟಿನ ತಳ ಆ ಮಡಿಕೆಯ ಆಕಾರವನ್ನೇ ತಾಳಿ ದಾಟುತ್ತದೆ. ಮರಳಿನಲ್ಲಿ ಜೀಪು ಓಡಿಸುವವರು ಮೊದಲು ಚಕ್ರದ ಗಾಳಿ ಇಳಿಸುವುದು ಇಂಥದೇ ಉಪಾಯ. ನೆಲ ತಗ್ಗದಿದ್ದರೆ ಚಕ್ರವೇ ತಗ್ಗಬೇಕು.

ಎರಡನೆಯ ಲಾಭ ಇನ್ನೂ ಸ್ವಾರಸ್ಯಕರ. ಊದಿದ ಮ್ಯಾಟಿನಲ್ಲಿ ಸುಮಾರು 50 ಲೀಟರ್ ಗಾಳಿ ಇದೆ ಎನ್ನಿ. ನಮ್ಮ ಸುತ್ತಲ ವಾತಾವರಣದ ಒತ್ತಡ 14.7 ಪಿಎಸ್‌ಐ, ಮ್ಯಾಟಿನೊಳಗೆ ಅದಕ್ಕಿಂತ ಶೇ 2ರಷ್ಟು ಮಾತ್ರ ಹೆಚ್ಚು. ಬಟ್ಟೆ ಬಿಗಿದಿರುವ ಹೊತ್ತಿನಲ್ಲಿ ಸವಾರ ಮುಂದಿನ ಮೂಲೆಯನ್ನು ಹಿಚುಕಿ ಒಂದೇ ಒಂದು ಲೀಟರ್ ಜಾಗ ಕಡಿಮೆ ಮಾಡಿದರೆ, ಬಾಯ್ಲನ ನಿಯಮದ ಪ್ರಕಾರ ಒಳಗಿನ ಗಾಳಿಯ ಒತ್ತಡ ಶೇ 2ರಷ್ಟು ಏರುತ್ತದೆ. ಅಂದರೆ ಹೆಚ್ಚುವರಿ ಒತ್ತಡ ನೇರವಾಗಿ ಎರಡರಷ್ಟಾಗುತ್ತದೆ! ಒಂದು ಮುಷ್ಟಿಯ ಬಲದಿಂದ ಇಡೀ ಮ್ಯಾಟು ಬಿಗಿಯುತ್ತದೆ, ಸಡಿಲಿಸಿದರೆ ಮತ್ತೆ ಮೆತ್ತಗಾಗುತ್ತದೆ. ಬಟ್ಟೆ ಇನ್ನೂ ಸಡಿಲವಿದ್ದರೆ ಒತ್ತಡ ಏರುವ ಬದಲು ಗಾಳಿಯೇ ಜಾಗ ಬದಲಿಸುತ್ತದೆ. ಎಡಗೈ ಹಿಚುಕಿದರೆ ಬಲಬದಿ ಉಬ್ಬುತ್ತದೆ, ಎದೆ ಒತ್ತಿದರೆ ಹಿಂಭಾಗ ಉಬ್ಬುತ್ತದೆ. 15 ಪಿಎಸ್‌ಐ ತುಂಬಿದ ಊದುಹಲಗೆಯಲ್ಲಿ ಯಾವ ಪೈಲ್ವಾನನ ಮುಷ್ಟಿಗೂ ಇದು ಆಗದ ಮಾತು. ಕಡಿಮೆ ಗಾಳಿ ಇದ್ದರಷ್ಟೇ ಮನುಷ್ಯನ ಕೈಗೆ ಅಧಿಕಾರ.

ಇದೇ ಲೆಕ್ಕದಿಂದ ಮ್ಯಾಟಿನ ಒಂದು ಕಿರಿಕಿರಿಯೂ ಅರ್ಥವಾಗುತ್ತದೆ. 32 ಡಿಗ್ರಿ ಬಿಸಿಲಿನಲ್ಲಿ ಮರಳಿನ ಮೇಲೆ ನಿಂತು ಹದವಾಗಿ ಊದಿ, ಕ್ಯಾಲಿಫೋರ್ನಿಯಾದ 15 ಡಿಗ್ರಿಯ ಕಡಲಿಗೆ ಇಳಿದರೆ ಒಳಗಿನ ಗಾಳಿ ಶೇ 5ಕ್ಕೂ ಮಿಕ್ಕಿ ಕುಗ್ಗುತ್ತದೆ. ಮ್ಯಾಟನ್ನು ಬಿಗಿಯಾಗಿ ಇಡುವ ಹೆಚ್ಚುವರಿ ಒತ್ತಡವೇ ಶೇ 2 ಇರುವಾಗ ಶೇ 5 ಕುಗ್ಗಿದರೆ ಉಳಿಯುವುದೇನು? ಚೀಲ ಜೋತುಬೀಳುತ್ತದೆ. ಹಾಗಾಗಿ ಅಲ್ಲಿಯವರು ಮೊದಲು ಮ್ಯಾಟನ್ನು ನೀರಿಗೆ ಹಾಕಿ ತಣಿಸಿ, ಆಮೇಲೆ ವಾಲ್ವಿಗೆ ಬಾಯಿ ಕೊಟ್ಟು ಹದ ಮಾಡಿಕೊಳ್ಳುತ್ತಾರೆ. ನಮ್ಮ ಕರಾವಳಿಯ ನೀರು ಬೆಚ್ಚಗಿರುವುದರಿಂದ ಈ ತೊಂದರೆ ಅಷ್ಟಿಲ್ಲ. ಆದರೆ ಊದಿದ ಮ್ಯಾಟನ್ನು ಸುಡುವ ಮರಳಿನ ಮೇಲೆ ಬಿಟ್ಟು ಎಳನೀರು ಕುಡಿಯಲು ಹೋದರೆ ಒಳಗಿನ ಗಾಳಿ ಹಿಗ್ಗಿ ಬೆಸುಗೆ ಬಿಡುವ ಭಯವಿದೆ.

ಚೀಲದೊಳಗಿನ ಗೋಡೆಗಳು

ಊದಿದ ಯಾವ ಚೀಲಕ್ಕೂ ದುಂಡಗಾಗುವ ಹಟ. 55 ಸೆಂಟಿಮೀಟರ್ ಅಗಲದ ಎರಡು ಬಟ್ಟೆಗಳ ಅಂಚನ್ನಷ್ಟೇ ಬೆಸೆದು ಊದಿದರೆ ಅದು ಚಪ್ಪಟೆಯಾಗಿ ನಿಲ್ಲುವುದಿಲ್ಲ. ಹತ್ತಿರಹತ್ತಿರ 35 ಸೆಂಟಿಮೀಟರ್ ದಪ್ಪದ ಉರುಳೆಯಾಗಲು ಹವಣಿಸುತ್ತದೆ. ಉರುಳೆಯ ಮೇಲೆ ಮಲಗಿದವನು ಮಗುಚುವುದು ಖಂಡಿತ. ಅದಕ್ಕಾಗಿ ಒಳಗೆ ಉದ್ದಕ್ಕೂ ಬಟ್ಟೆಯ ಗೋಡೆಗಳನ್ನು ನಿಲ್ಲಿಸುತ್ತಾರೆ. ಮೂರು ಗೋಡೆ, ನಾಲ್ಕು ಕೊಳವೆ: ಇದು ಬಹುಪಾಲು ಮ್ಯಾಟುಗಳ ಅಸ್ಥಿಪಂಜರ. ಪ್ರತಿ ಗೋಡೆಯೂ ಮೇಲಿನ ಬಟ್ಟೆ, ಕೆಳಗಿನ ಬಟ್ಟೆ ಎರಡನ್ನೂ ಹಿಡಿದಿಟ್ಟು ‘ಇಷ್ಟಕ್ಕಿಂತ ಹೆಚ್ಚು ಉಬ್ಬಬೇಡ’ ಎನ್ನುತ್ತದೆ.

ಗೋಡೆಗಳಿಂದ ಬಟ್ಟೆಗೂ ನಿರಾಳ. ಒಂದೇ ಒತ್ತಡದಲ್ಲಿ ಕೊಳವೆ ದಪ್ಪವಾದಷ್ಟೂ ಅದರ ಬಟ್ಟೆಯ ಮೇಲಿನ ಎಳೆತ ಹೆಚ್ಚು. 12 ಸೆಂಟಿಮೀಟರ್ ವ್ಯಾಸದ ಕೊಳವೆಯಲ್ಲಿ, ನಾವು ಮೇಲೆ ಹೇಳಿದ ಒತ್ತಡಕ್ಕೆ, ಪ್ರತಿ ಸೆಂಟಿಮೀಟರ್ ಬಟ್ಟೆಯ ಮೇಲೆ ಬೀಳುವ ಎಳೆತ 120 ಗ್ರಾಂ ತೂಕದಷ್ಟು. ಉರುಳೆಯಾಗಿದ್ದರೆ ಅದರ ಮೂರು ಪಟ್ಟು. ಆದ್ದರಿಂದಲೇ ಕೊಡೆಯ ಬಟ್ಟೆಗಿಂತ ತುಸು ದಪ್ಪದ ನೈಲಾನೂ ಇಲ್ಲಿ ಸಾಲುತ್ತದೆ. ತೆರೆ ಮುರಿದು ಮೈಮೇಲೆ ಬಿದ್ದಾಗ ಎಳೆತ ಹಲವು ಪಟ್ಟು ಏರುವುದರಿಂದ ಬೆಸುಗೆ ಮಾತ್ರ ಬಟ್ಟೆಯಷ್ಟೇ ಗಟ್ಟಿ ಇರಬೇಕು.

ಗೋಡೆಗಳು ತುದಿಯವರೆಗೆ ಹೋಗುವುದಿಲ್ಲ ಎಂಬುದು ವಿನ್ಯಾಸದ ನಿಜವಾದ ಮರ್ಮ. ಮುಂದೆಯೂ ಹಿಂದೆಯೂ ಒಂದಿಷ್ಟು ಸಂದು ಬಿಟ್ಟಿರುತ್ತಾರೆ. ಕೊಳವೆಯಿಂದ ಕೊಳವೆಗೆ ಗಾಳಿ ಹರಿಯುವುದು ಆ ಸಂದಿನಲ್ಲಿ. ಸಂದು ದೊಡ್ಡದಾದರೆ ಗಾಳಿ ಸರಕ್ಕನೆ ಸರಿದು ಮ್ಯಾಟು ಸವಾರನ ಸಣ್ಣ ಕದಲಿಕೆಗೂ ಹೊಯ್ದಾಡುತ್ತದೆ. ಕಿರಿದಾದರೆ ಗಾಳಿ ನಿಧಾನವಾಗಿ ಹರಿದು ಆಘಾತಗಳನ್ನು ನುಂಗುತ್ತದೆ, ಆದರೆ ತಿರುವು ತಡವಾಗುತ್ತದೆ. ಹಲಗೆ ಮಾಡುವವರು ತಳದ ಬಾಗು, ಅಂಚಿನ ಹರಿತದ ಬಗ್ಗೆ ತಲೆ ಕೆಡಿಸಿಕೊಂಡರೆ ಮ್ಯಾಟು ಮಾಡುವವರ ತಲೆನೋವು ಈ ಸಂದಿನ ಅಳತೆ. ಹೊರಬದಿಯ ಕೊಳವೆಗಳು ಒಳಗಿನವಕ್ಕಿಂತ ದಪ್ಪವಿರಬೇಕೇ, ಹಿಂದಿನ ಮೂಲೆಗಳು ಚೌಕವಿರಬೇಕೇ ದುಂಡಗಿರಬೇಕೇ ಎಂಬುದು ಮುಂದಿನ ಚರ್ಚೆ. ಹಿಂದಿನ ಮೂಲೆಗೆ ಮಹತ್ವ ಯಾಕೆಂದರೆ ಮ್ಯಾಟಿನ ಅಡಿಯಲ್ಲಿ ಫಿನ್ ಇರುವುದಿಲ್ಲ. ತೆರೆಯ ಗೋಡೆಗೆ ಕಚ್ಚಿಕೊಂಡು ಅಡ್ಡ ಜಾರದಂತೆ ತಡೆಯುವ ಕೆಲಸವನ್ನು ಉಬ್ಬಿದ ಆ ಅಂಚು ಮತ್ತು ಸವಾರನ ಕಾಲೇ ಮಾಡಬೇಕು.

ಬಟ್ಟೆಯ ವಿಚಾರಕ್ಕೆ ಬಂದರೆ, ಒಂದು ಬದಿಗೆ ಪಾಲಿಯುರೆಥೇನ್ ಲೇಪಿಸಿದ ನೈಲಾನ್ ಇದಕ್ಕೆ ಬೇಕು. ಲೇಪದ ಬದಿ ಚೀಲದ ಒಳಗೆ, ಬರಿ ನೇಯ್ಗೆಯ ಬದಿ ಹೊರಗೆ. ಒದ್ದೆಯಾದರೂ ಎದೆ ಜಾರದಷ್ಟು ಹಿಡಿತ ಆ ನೇಯ್ಗೆಯಲ್ಲಿದೆ. ಸೂಜಿ ತಾಗಿಸುವಂತಿಲ್ಲ, ಪ್ರತಿ ತೂತೂ ಒಂದು ಸೋರಿಕೆ. ಎರಡು ಬಟ್ಟೆಗಳ ಲೇಪದ ಬದಿಗಳನ್ನು ಮುಖಾಮುಖಿ ಇಟ್ಟು, ಬಿಸಿ ಇಸ್ತ್ರಿಯಿಂದ ನಿಧಾನಕ್ಕೆ ಒತ್ತುತ್ತ ಹೋದರೆ ಲೇಪ ಕರಗಿ ಒಂದಾಗುತ್ತದೆ. ಬಿಸಿ ಕಡಿಮೆಯಾದರೆ ಮೇಲ್ನೋಟಕ್ಕೆ ಅಂಟಿದಂತೆ ಕಂಡು ಮೊದಲ ತೆರೆಗೇ ಬಿಟ್ಟುಕೊಳ್ಳುತ್ತದೆ. ಹೆಚ್ಚಾದರೆ ನೈಲಾನೇ ಸುಕ್ಕುಗಟ್ಟುತ್ತದೆ. ಹದ ಗೊತ್ತಾಗಲು ಒಂದು ನೇರ ಪರೀಕ್ಷೆ ಇದೆ. ಚೂರು ಬಟ್ಟೆಗಳನ್ನು ಬೆಸೆದು, ಪೂರ್ತಿ ಆರಿದ ಮೇಲೆ ಎರಡೂ ಕೈಯಿಂದ ಕಿತ್ತು ನೋಡಬೇಕು. ಬೆಸುಗೆ ಬಿಚ್ಚಿಕೊಂಡರೆ ಬಿಸಿ ಸಾಲದು. ಬೆಸುಗೆ ಹಾಗೆಯೇ ಉಳಿದು ಲೇಪವೇ ನೇಯ್ಗೆಯಿಂದ ಕಿತ್ತು ಬಂದರೆ ಹದ ಸರಿ.

ಕಷ್ಟವಿರುವುದು ಒಳಗೋಡೆಗಳಲ್ಲಿ. ಹೊರ ಅಂಚನ್ನು ಯಾವಾಗ ಬೇಕಾದರೂ ಮುಚ್ಚಬಹುದು. ಗೋಡೆಗಳನ್ನು ಮಾತ್ರ ಚೀಲ ಇನ್ನೂ ತೆರೆದಿರುವಾಗಲೇ ಒಂದಾದ ಮೇಲೊಂದರಂತೆ ಬೆಸೆಯಬೇಕು. ಒಂದು ಗೋಡೆ ಅರ್ಧ ಸೆಂಟಿಮೀಟರ್ ಸೊಟ್ಟಗಾದರೂ ಊದಿದಾಗ ಇಡೀ ಮ್ಯಾಟು ಬಾಳೆಕಾಯಿಯಂತೆ ಬಾಗುತ್ತದೆ. ಕೊನೆಗೆ ವಾಲ್ವ್ ಕೂರಿಸಿ, ಗಟ್ಟಿಯಾಗಿ ಊದಿ, ಸೋಪಿನ ನೀರು ಸವರಿದರೆ ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ಸೋರಿಕೆ. ಹೊರಗಿನ ಸೋರಿಕೆಗೆ ತೇಪೆ ಹಾಕಬಹುದು. ಒಳಗೋಡೆ ಬಿಟ್ಟರೆ ಎರಡು ಕೊಳವೆ ಸೇರಿ ಒಂದು ದೊಡ್ಡ ಗಂಟಾಗುತ್ತದೆ. ಕತ್ತರಿಸಿ ತೆರೆಯದೆ ಅದಕ್ಕೆ ಮದ್ದಿಲ್ಲ.

ನೀರಿಗಿಳಿದ ಮೇಲೆ

ಸವಾರಿಯ ಮೊದಲ ಪಾಠ ಊದುವುದಲ್ಲ, ಬಿಡುವುದು. ದಡದಲ್ಲಿ ಪೂರ್ತಿ ಊದಿ, ಸೊಂಟದ ಮಟ್ಟದ ನೀರಿನಲ್ಲಿ ಅದರ ಮೇಲೆ ಮಲಗಿ, ವಾಲ್ವಿನಿಂದ ಸ್ವಲ್ಪ ಸ್ವಲ್ಪವೇ ಗಾಳಿ ಬಿಡುತ್ತ ಹೋಗಬೇಕು. ಎದೆಯ ಕೆಳಗೆ ಮ್ಯಾಟು ತಗ್ಗಿ, ಎರಡೂ ಬದಿಗಳು ಮೈಯನ್ನು ಅಪ್ಪಿದಂತೆ ಮೇಲೆದ್ದು, ಮುಂದಿನ ಮೂಲೆಗಳನ್ನು ಮುಷ್ಟಿಯಲ್ಲಿ ಮಡಿಸಿ ಹಿಡಿಯುವಷ್ಟು ಸಡಿಲವಾದರೆ ಅಲ್ಲಿಗೆ ನಿಲ್ಲಿಸಬೇಕು. ಹೊಸಬರು ಬಿಡಬೇಕಾದ್ದರ ಅರ್ಧದಷ್ಟನ್ನೂ ಬಿಡುವುದಿಲ್ಲ. ಮುಳುಗಿಬಿಟ್ಟೇನು ಎಂಬ ಅಂಜಿಕೆ.

ತೆರೆ ಹಿಡಿಯುವುದು ಕಾಲಿನ ಕೆಲಸ. ಕೈಯಿಂದ ಹುಟ್ಟು ಹಾಕುವ ಹಲಗೆಯವರಿಗಿರುವ ಅನುಕೂಲ ಇಲ್ಲಿಲ್ಲ. ಕಾಲಿಗೆ ಫಿನ್ ತೊಡದ ಮ್ಯಾಟು ಸವಾರ ಕಡಲಿನಲ್ಲಿ ಅಬ್ಬೇಪಾರಿ. ತೆರೆ ಮುರಿಯುವುದು ನೀರಿನ ಆಳ ಅದರ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ. ಒಂದು ಮೀಟರ್ ತೆರೆ ಆ ಹೊತ್ತಿಗೆ ಗಂಟೆಗೆ 13 ಕಿಲೋಮೀಟರ್ ವೇಗದಲ್ಲಿ ಬರುತ್ತಿರುತ್ತದೆ, ಎರಡು ಮೀಟರಿನದು 18ರಲ್ಲಿ. ಸವಾರ ಕಾಲು ಬಡಿದು ತಾನೂ ಒಂದಿಷ್ಟು ವೇಗ ಗಳಿಸಿಕೊಂಡಿದ್ದರಷ್ಟೇ ತೆರೆ ಅವನನ್ನು ಎತ್ತಿಕೊಂಡು ಹೋಗುತ್ತದೆ. ಹಿಂಬದಿ ಏರಿತು, ಮೂತಿ ಇಳಿಯಿತು ಎನಿಸಿದ ಕ್ಷಣವೇ ಮೂಲೆಯನ್ನು ಮೇಲೆತ್ತಿ ಓರೆಯಾಗಿ ತಿರುಗಬೇಕು. ನೇರ ದಡಕ್ಕೆ ಬಂದರೆ ತೆರೆಯಷ್ಟೇ ವೇಗ. ತೆರೆಯ ಗೋಡೆಗುಂಟ ಅಡ್ಡ ಓಡಿದರೆ ಅದಕ್ಕಿಂತ ಹೆಚ್ಚು.

ಇಲ್ಲಿಂದ ಮುಂದೆ ಎಲ್ಲವೂ ಹಿಡಿತದ ಬಿಗಿ ಸಡಿಲ. ತೆರೆ ಎಡಕ್ಕಿದೆ ಎನ್ನಿ. ಎಡಗೈ ಮೂಲೆಯನ್ನು ನೀರಿನತ್ತ ಒತ್ತಿ, ಬಲಗೈ ಮೂಲೆಯನ್ನು ಹಿಚುಕಿದರೆ ಆ ಗಾಳಿ ಎಡ ಅಂಚಿಗೆ ಸರಿದು ತೆರೆಗೆ ಕಚ್ಚಿಕೊಳ್ಳುತ್ತದೆ. ತೆರೆ ಕಡಿದಾಗಿದ್ದಾಗ ಮುಷ್ಟಿ ಬಿಗಿದು ಮ್ಯಾಟನ್ನು ಗಟ್ಟಿ ಮಾಡಿ ಓಡಬೇಕು. ಇಳಿಜಾರು ಚಪ್ಪಟೆಯಾದಾಗ ಸಡಿಲಿಸಿದರೆ ತಳ ಅಗಲವಾಗಿ ಹರಡಿ, ಹೆಚ್ಚು ನೀರನ್ನು ಆಧರಿಸಿ, ಹಲಗೆಯವರು ನಿಂತುಬಿಡುವ ಜಾಗವನ್ನೂ ದಾಟಿಸುತ್ತದೆ. ಕಾಲುಗಳನ್ನು ಮೊಣಕಾಲಿನಿಂದ ಮೇಲಕ್ಕೆ ಮಡಿಸಿದರೆ ನೀರಿನ ಎಳೆತ ಕಡಿಮೆ. ನಿಧಾನಿಸಬೇಕೆಂದರೆ ಒಂದು ಫಿನ್ ಇಳಿಬಿಟ್ಟರೆ ಸಾಕು. ಕಣ್ಣು ನೀರಿನಿಂದ ಒಂದು ಗೇಣು ಮೇಲಿರುವುದರಿಂದ ಸಾಧಾರಣ ವೇಗವೂ ಭಯಂಕರ ವೇಗದಂತೆ ಕಾಣುತ್ತದೆ. ಮ್ಯಾಟಿನವರು ಹೇಳುವ ವೇಗದ ಕತೆಗಳನ್ನು ಕೇಳುವಾಗ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಮಿತಿಗಳೂ ಇವೆ. ಹೊರಗೆ ಹೋಗುವಾಗ ಎದುರಾಗುವ ಬಿಳಿನೊರೆಯ ಅಡಿಯಲ್ಲಿ ಊದಿದ ಚೀಲವನ್ನು ಮುಳುಗಿಸಿ ನುಸುಳುವುದು ಕಷ್ಟ. ದೊಡ್ಡ ಕಡಲಿನಲ್ಲಿ ಒದೆ ತಿನ್ನುತ್ತ ಹೋಗಬೇಕು. ಗಿಡ್ಡ ಹಲಗೆಯವರು ಮಾಡುವ ಚುರುಕು ತಿರುವು, ಗಾಳಿಗೆ ಹಾರುವ ಕಸರತ್ತು ಇದರಲ್ಲಿ ಇಲ್ಲ. ಚಿಪ್ಪುಗಲ್ಲಿನ ಬಂಡೆಗೆ ಒಮ್ಮೆ ಉಜ್ಜಿದರೆ ಆ ದಿನದ ಆಟ ಮುಗಿಯಿತು.

ಮಾರಾಟವಾಗದ ವಿನ್ಯಾಸ

ಇಷ್ಟು ಗುಣವಿದ್ದೂ ಮ್ಯಾಟು ಅಂಗಡಿಯಲ್ಲಿ ಯಾಕೆ ಸೋತಿತು? ಪಂಕ್ಚರ್ ಒಂದು ನೆಪ ಅಷ್ಟೇ. ಬಾಡಿಬೋರ್ಡನ್ನು ಕೊಂಡವನಿಗೆ ಅದರ ಆಕಾರವೂ ಕೈಗೆ ಬರುತ್ತದೆ. ಮಾಡಿದವನ ಬುದ್ಧಿಯೆಲ್ಲ ಅದರೊಳಗಿದೆ. ಅರ್ಧ ಗಂಟೆಯಲ್ಲಿ ಯಾರಾದರೂ ನಗುನಗುತ್ತ ದಡಕ್ಕೆ ಬರಬಹುದು. ಮ್ಯಾಟು ಕೊಂಡವನಿಗೆ ಸಿಗುವುದು ಅರ್ಧ ಮುಗಿದ ವಸ್ತು. ಎಷ್ಟು ಗಾಳಿ, ಯಾವ ಮೂಲೆಗೆ ಎಷ್ಟು ಬಿಗಿ, ಎದೆ ಎಲ್ಲಿ, ಸೊಂಟ ಎಲ್ಲಿ ಎಂದು ಪ್ರತಿ ತೆರೆಯ ಮೇಲೂ ಉಳಿದರ್ಧ ವಿನ್ಯಾಸವನ್ನು ಅವನೇ ಮಾಡಬೇಕು. ಅದನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ ಮಾರುವುದು ಹೇಗೆ? ಸಾಮಗ್ರಿ ಗಟ್ಟಿಯಾದಷ್ಟೂ, ಒತ್ತಡ ಹೆಚ್ಚಾದಷ್ಟೂ ಒಳ್ಳೆಯದು ಎಂದು ನಂಬಿದ ಮಾರುಕಟ್ಟೆಗೆ ಕಡಿಮೆ ಮಾಡುವುದರಿಂದ ಉತ್ತಮವಾಗುವ ಸರಕು ಅರ್ಥವಾಗಲಿಲ್ಲ. ಆದರೆ ಎಂಜಿನಿಯರಿಂಗ್ ಕಣ್ಣಿನಿಂದ ನೋಡಿದರೆ, ಒಂದು ಕಿಲೋ ಬಟ್ಟೆ ಮತ್ತು 15-20 ಉಸಿರಿನಿಂದ, ಕ್ಷಣಕ್ಷಣವೂ ಆಕಾರ ಬದಲಿಸುವ ವಾಹನವೊಂದನ್ನು ಕಟ್ಟಿದ ಈ ವಿನ್ಯಾಸಕ್ಕೆ ಸರಿಸಾಟಿ ಸರ್ಫಿಂಗ್‌ನಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಕೊನೆಗೆ ನಮ್ಮ ಕರಾವಳಿಯ ಮಾತು. ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್‌ನಿಂದ ಬೇರುಬಿಟ್ಟ ಸರ್ಫಿಂಗ್ ಇಂದು ಸಸಿಹಿತ್ಲು, ಪಣಂಬೂರಿನ ಮರಳಿನಲ್ಲಿ ರಾಷ್ಟ್ರಮಟ್ಟದ ಇಂಡಿಯನ್ ಓಪನ್ ನಡೆಯುವಷ್ಟು ಬೆಳೆದಿದೆ. ನಮ್ಮ ತೀರಗಳಲ್ಲಿ ಮಳೆಗಾಲ ಕಳೆದ ಮೇಲೆ ಬರುವ ಸೊಂಟಮಟ್ಟದ ತೆರೆಗಳೂ ಬೆಚ್ಚನೆಯ ನೀರೂ ಮೆತ್ತನೆಯ ಮರಳು ತಳವೂ ಮ್ಯಾಟಿಗೆ ಹೇಳಿ ಮಾಡಿಸಿದಂತಿವೆ. ಆದರೆ ಇದನ್ನೋದಿ ಯಾರಾದರೂ ಅಂಗಡಿಯಲ್ಲಿ ಸಿಗುವ ಈಜುಕೊಳದ ಪ್ಲಾಸ್ಟಿಕ್ ಹಾಸಿಗೆ ಹಿಡಿದು ಕಡಲಿಗೆ ಇಳಿದರೆ ಅನಾಹುತ. ಬೆಳಗಿನ ಹೊತ್ತು ನೆಲದಿಂದ ಕಡಲಿಗೆ ಬೀಸುವ ಗಾಳಿ ತೆರೆಗಳನ್ನು ಚೊಕ್ಕ ಮಾಡುತ್ತದೆ, ನಿಜ. ಅದೇ ಗಾಳಿ ಹಗುರ ಹಾಸಿಗೆಯನ್ನು ಮನುಷ್ಯನ ಸಮೇತ ಆಳಕ್ಕೆ ತಳ್ಳುತ್ತದೆ. ದಡದಿಂದ ಒಳಕ್ಕೆ ಎಳೆಯುವ ಸೆಳೆತ ಸಿಕ್ಕರಂತೂ ಕೇಳುವುದೇ ಬೇಡ. ಯಾವ ಮ್ಯಾಟೂ ಜೀವರಕ್ಷಕ ಸಾಧನವಲ್ಲ. ಅದು ಕೈಬಿಟ್ಟು ಹೋದಾಗಲೂ ಈಜಿ ದಡ ಸೇರುವವರಿಗೆ ಮಾತ್ರ ಮ್ಯಾಟು. ಮೊದಲು ಈಜು ಕಲಿಯಿರಿ, ಆಮೇಲೆ ಒಳ್ಳೆಯ ಫಿನ್ ಕೊಳ್ಳಿ, ಜೊತೆಗಾರರಿಲ್ಲದೆ ಇಳಿಯಬೇಡಿ, ಜೀವರಕ್ಷಕರು ಬೇಡವೆಂದ ದಿನ ಮತ್ತು ಮಳೆಗಾಲದಲ್ಲಿ ಕಡಲಿನ ತಂಟೆಗೇ ಹೋಗಬೇಡಿ. ಇಷ್ಟು ಪಾಲಿಸುವವರು ಗಾಳಿ ತುಸು ಕಡಿಮೆಯೇ ಊದಿಕೊಂಡು ಧಾರಾಳವಾಗಿ ಒಂದು ಕೈ ನೋಡಬಹುದು.